ಪಕ್ಕೆಯ ನೀರು

ಅನ್ನದ ಪಾತ್ರೆ ಇಳಿಸುತ್ತಿದ್ದ ಅತ್ತೆ ನಡುವೆಯೇ ನಿಂತುಬಿಟ್ಟರು. ಎರಡೂ ಕೈಯಲ್ಲಿ ಮಸಿಬಟ್ಟೆ, ಪಾತ್ರೆ ಒಲೆಯಿಂದ ಅರ್ಧ ಗೇಣು ಮೇಲೆ, ಕಣ್ಣು ಎದುರಿನ ಗೋಡೆಯ ಮೇಲೆ. ಈರುಳ್ಳಿ ಹೆಚ್ಚುತ್ತಿದ್ದ ಸೊಸೆ ಚಾಕು ಬಿಟ್ಟು ಓಡಿ ಬಂದು ಪಾತ್ರೆಗೆ ಕೈ ಕೊಟ್ಟಳು.

"ಬಿಡಿ ಅತ್ತೆ, ನಾನು ಇಳಿಸ್ತೀನಿ."

"ನೀನು ಈ ಮನೆಗೆ ಬರೋಕೆ ಮುಂಚೆಯಿಂದ ಇಳಿಸ್ತಿದೀನಿ. ಇವತ್ತೇನು ಹೊಸದಾಗಿ ಭಾರ ಆಯ್ತಾ?"

ಮಾತೇನೋ ಗಟ್ಟಿಯಾಗೇ ಇತ್ತು. ಆದರೆ ಅದನ್ನು ಅತ್ತೆ ಮೂರು ತುಂಡು ಮಾಡಿ ಹೇಳಿದರು, ನಡುನಡುವೆ ಉಸಿರು ಎಳೆದುಕೊಂಡು. ಪಾತ್ರೆ ನೆಲಕ್ಕಿಳಿದ ಮೇಲೆ ಬಲಗೈಯನ್ನು ಪಕ್ಕೆಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತರು.

ಆ ಮನೆ ನಡೆಯುವುದೇ ಊಟದ ಡಬ್ಬಿಗಳಿಂದ. ಬೆಳಗಾದರೆ ಅನ್ನ, ಬೇಳೆ, ಎರಡು ಬಗೆಯ ತರಕಾರಿ. ಮಧ್ಯಾಹ್ನದ ಹೊತ್ತಿಗೆ ಅದೆಲ್ಲ ಡಬ್ಬಿಗಳಾಗಿ ಗ್ಯಾರೇಜು, ಬಟ್ಟೆ ಅಂಗಡಿ, ಬ್ಯಾಂಕು, ವಕೀಲರ ಆಫೀಸು ಅಂತ ಹಂಚಿಹೋಗಬೇಕು. ಒಲೆ ಅತ್ತೆಯದು. ಹೆಚ್ಚುವುದು, ತೊಳೆಯುವುದು, ತುಂಬುವುದು ಸೊಸೆಯದು. ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ತಲುಪಿಸುವುದು ಅವಳ ಗಂಡನದು. ಆ ಪೆಟ್ಟಿಗೆಯೆಂದರೆ ಅವನಿಗೆ ಇನ್ನೊಂದು ಮಗು ಇದ್ದ ಹಾಗೆ. ಒಳಗೆಲ್ಲ ದಪ್ಪ ಥರ್ಮಾಕೋಲು, ಅದರ ಮೇಲೆ ಬೆಳ್ಳಿ ಬಣ್ಣದ ಹಾಳೆ, ಮುಚ್ಚಳಕ್ಕೆ ರಬ್ಬರಿನ ಅಂಚು, ಎಲ್ಲ ಅವನೇ ಕೂತು ಮಾಡಿದ್ದು. ಕೊನೆಯ ಗಿರಾಕಿ ಡಬ್ಬಿ ತೆರೆದಾಗಲೂ ಹಬೆ ಮುಖಕ್ಕೆ ಹೊಡೆಯಬೇಕು. ಹೊಡೆಯಲಿಲ್ಲ ಅಂತ ಯಾರಾದರೂ ಅಂದರೆ ಅವನಿಗೆ ಆವತ್ತು ಊಟ ಸೇರುತ್ತಿರಲಿಲ್ಲ.

ಅತ್ತೆಗೆ ಸಂಜೆಯಾದರೆ ಸಣ್ಣ ಜ್ವರ ಬರಲು ಶುರುವಾಗಿ ಆಗಲೇ ಸುಮಾರು ದಿನವಾಗಿತ್ತು. "ಒಲೆ ಮುಂದೆ ನಿಂತವಳ ಮೈ ಬೆಚ್ಚಗೆ ಇರದೆ ತಣ್ಣಗೆ ಇರತ್ತಾ?" ಎಂದು ಅವರೇ ಅದನ್ನು ತಳ್ಳಿಹಾಕಿದ್ದರು. ರವಿಕೆ ಸಡಿಲವಾದಾಗ ಹೊಲಿಗೆಯವಳನ್ನು ಬೈದರು. ಒಣ ಕೆಮ್ಮು ಬಂದಾಗ ಒಗ್ಗರಣೆಯ ಘಾಟು ಅಂದರು. ಈಗ ಪಾತ್ರೆ ಕೈಯಲ್ಲೇ ನಿಂತಮೇಲೆ ಇನ್ನೇನನ್ನೂ ಬೈಯಲು ಉಳಿದಿರಲಿಲ್ಲ.

ಎಕ್ಸ್‌ರೇ ತೆಗೆಸಿದ್ದಾಯಿತು. ಬೀದಿ ತಿರುವಿನ ಸಣ್ಣ ಆಸ್ಪತ್ರೆಯ ಡಾಕ್ಟರು, ಕನ್ನಡಕವನ್ನು ತಲೆಯ ಮೇಲೇ ಮರೆಯುವ ಹೆಂಗಸು, ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಡಗಡೆ ಕಪ್ಪಗೆ ತಿಳಿಯಾಗಿತ್ತು. ಬಲಗಡೆ ಅರ್ಧದವರೆಗೂ ಬೆಳ್ಳಗೆ.

"ಶ್ವಾಸಕೋಶದ ಸುತ್ತ ನೀರು ತುಂಬಿದೆ. ಅದಕ್ಕೇ ಉಸಿರು ಸಾಲ್ತಿಲ್ಲ. ಸೂಜಿ ಹಾಕಿ ತೆಗೆಯೋಣ. ಯಾಕೆ ತುಂಬಿತು ಅಂತ ಆ ನೀರನ್ನೇ ಕೇಳಬೇಕು."

"ನೀರು ಮಾತಾಡತ್ತಾ?" ಎಂದರು ಅತ್ತೆ.

"ಕೇಳೋಕೆ ಬಂದ್ರೆ ಮಾತಾಡತ್ತೆ. ಟಿಬಿ ಇರಬಹುದು ಅಂತ ನನಗೆ ಅನುಮಾನ."

ಆ ಮಾತು ಬಿದ್ದದ್ದೇ, ಜೊತೆಗೆ ಬಂದಿದ್ದ ಸೊಸೆಯ ಗಂಡ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿದ. ಆಚೆ ಬೆಂಚಿನ ಮೇಲೆ ಅವನಿಂದ ಡಬ್ಬಿ ತರಿಸುವ ಬ್ಯಾಂಕಿನ ಗುಮಾಸ್ತ ಕೂತಿದ್ದ.

ಆ ರಾತ್ರಿ ಊಟಕ್ಕೆ ಕೂತಾಗ ಸೊಸೆ ಅತ್ತೆಯ ಮುಂದೆ ಹೊಸ ತಟ್ಟೆ ಇಟ್ಟಳು, ಹೊಸ ಲೋಟ ಇಟ್ಟಳು. ಯಾರೂ ಗಮನಿಸುವುದಿಲ್ಲ ಎಂದುಕೊಂಡಿದ್ದಳು. ಆದರೆ ಆ ಮನೆಯಲ್ಲಿ ಹನ್ನೆರಡು ತುಂಬಿದ ಒಬ್ಬ ಮಗಳಿದ್ದಳು. ಯಾವುದಕ್ಕೂ ಅಡ್ಡಪ್ರಶ್ನೆ ಹಾಕದೆ ಬಿಡದವಳು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಲಾಯರಮ್ಮ.

"ಅಜ್ಜಿಗೆ ಮಾತ್ರ ಯಾಕಮ್ಮ ಹೊಸ ತಟ್ಟೆ?"

"ಸುಮ್ನೆ ಊಟ ಮಾಡು."

"ನನಗೂ ಬೇಕು ಹೊಸದು."

"ಸುಮ್ನಿರು ಅಂದೆ."

ಅತ್ತೆ ತಟ್ಟೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದರು. "ನಿಮ್ಮಮ್ಮ ನನ್ನನ್ನ ಬೇರೆ ಇಟ್ಟಿದಾಳೆ ಕಣೇ. ಮನೆ ಪಾಲಾದಾಗ ಪಾತ್ರೆ ಬೇರೆ ಮಾಡ್ತಾರಲ್ಲ, ಹಾಗೆ."

"ಹಾಗಲ್ಲ ಅತ್ತೆ. ಮಗು ಇದೆ ಮನೇಲಿ. ಏನು ಅಂತ ಗೊತ್ತಾಗೋವರೆಗೆ ಅಷ್ಟೇ. ಅಲ್ಲೀವರೆಗೆ ಒಲೆ ಮುಂದೂ ನಾನೇ ನಿಲ್ತೀನಿ."

"ಓ, ಒಲೆಯಿಂದಲೂ ಇಳಿಸಿದ್ಯಾ?"

ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ. "ಇನ್ನೂ ಏನೂ ಗೊತ್ತಿಲ್ಲ, ಆಗಲೇ ಶುರು ಹಚ್ಕೊಂಡ್ಯಾ? ನಮ್ಮಮ್ಮನ ಕೈ ಅಡುಗೆ ತಿಂದೇ ನೀನು ಇಷ್ಟು ದಪ್ಪ ಆಗಿರೋದು."

"ದಪ್ಪ ಆಗಿರೋದು ನಿಮ್ಮ ಮಾತು ನುಂಗಿ ನುಂಗಿ."

ಲಾಯರಮ್ಮ ಕಿಸಕ್ಕನೆ ನಕ್ಕಳು. ಅತ್ತೆಗೂ ನಗು ಬಂತು. ಅದು ಕೆಮ್ಮಾಗಿ ತಿರುಗಿ, ಅವರು ಮುಖ ಆಚೆ ಮಾಡಿಕೊಂಡರು. ಅತ್ತೆ ಆ ಹೊಸ ತಟ್ಟೆಯಲ್ಲೇ ಉಂಡು, ಅದನ್ನು ತಾವೇ ತೊಳೆದು, ಬೇರೆಯಾಗಿ ಬೋರಲು ಹಾಕಿದರು. ಸೊಸೆಗೆ ಬೈಸಿಕೊಂಡದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು.

ನೀರು ತೆಗೆಯುವ ದಿನ ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಮುಂದಿನ ಮೇಜಿನ ಮೇಲೆ ಬಾಗಿಸಿದರು. ಡಾಕ್ಟರು ಬೆನ್ನಿನ ಬಲಗಡೆ ಮರಗಟ್ಟುವ ಮದ್ದು ಕೊಟ್ಟು, ಪಕ್ಕೆಲುಬುಗಳ ನಡುವೆ ಸೂಜಿ ಇಳಿಸಿದರು. ಸೊಸೆ ಎದುರಿಗೆ ನಿಂತು ಅತ್ತೆಯ ಎರಡೂ ಕೈ ಹಿಡಿದುಕೊಂಡಿದ್ದಳು. ಕೊಳವೆಯಲ್ಲಿ ಇಳಿದು ಬಂದದ್ದು ತಿಳಿಯಾದ ಹಳದಿ ನೀರು. ಒಂದು ಹೂಜಿಯಷ್ಟು ಬಂತು.

"ಇಷ್ಟನ್ನೂ ಹೊತ್ಕೊಂಡು ಅನ್ನ ಬಸೀತಿದ್ರಾ?" ಎಂದರು ಡಾಕ್ಟರು.

"ಬಸಿಯೋಕೆ ಬೇರೆ ಯಾರಿದ್ರು?" ಎಂದರು ಅತ್ತೆ, ಸೊಸೆಯ ಮುಖ ನೋಡದೆ.

ಡಾಕ್ಟರು ಕೆಲಸ ಮುಗಿಸಿ ಸೊಸೆಯನ್ನು ಪಕ್ಕಕ್ಕೆ ಕರೆದು ತಿಳಿಸಿ ಹೇಳಿದರು. ಪಕ್ಕೆಯ ನೀರಿನಲ್ಲಿ ಟಿಬಿಯ ಕ್ರಿಮಿ ಕಣ್ಣಿಗೆ ಬೀಳುವುದು ಅಪರೂಪ. ಕಫದಲ್ಲೂ ಏನೂ ಸಿಕ್ಕಿಲ್ಲ. ಆದರೆ ಟಿಬಿ ಇದ್ದರೆ ಆ ನೀರಿನಲ್ಲಿ ಎಡಿಎ ಅನ್ನುವ ಒಂದು ಕಿಣ್ವ ಏರಿರುತ್ತದೆ. ಮೈ ಆ ಕ್ರಿಮಿಯ ಜೊತೆ ಹೊಡೆದಾಡುವಾಗ ಹುಟ್ಟುವಂಥದ್ದು. ನಲವತ್ತು ದಾಟಿದರೆ ಅನುಮಾನ ಗಟ್ಟಿ. ತೀರಾ ಕೆಳಗಿದ್ದರೆ ಬೇರೆ ಕಡೆ ಹುಡುಕಬೇಕು. "ಇದೊಂದನ್ನೇ ನೋಡಿ ತೀರ್ಮಾನ ಮಾಡಲ್ಲ. ಬೇರೆ ಪರೀಕ್ಷೆ ಜೊತೆ ಇಟ್ಟು ನೋಡ್ತೀವಿ. ಈ ಪರೀಕ್ಷೆ ನಮ್ಮಲ್ಲಿಲ್ಲ, ಊರ ಆಚೆ ದೊಡ್ಡ ಲ್ಯಾಬಲ್ಲಿ ಮಾಡ್ತಾರೆ. ನಿಮ್ಮೋರೇ ಒಯ್ದು ಕೊಟ್ರೆ ಬೇಗ ಆಗತ್ತೆ."

ಗಂಡ ಅಷ್ಟು ಹೊತ್ತಿಗೆ ಮಧ್ಯಾಹ್ನದ ಡಬ್ಬಿಗಳನ್ನು ಹೇರಿಕೊಂಡು ಆಸ್ಪತ್ರೆಯ ಬಾಗಿಲಿಗೇ ಬಂದಿದ್ದ. ನರ್ಸಮ್ಮ ಹೆಬ್ಬೆರಳು ಗಾತ್ರದ ಬಾಟಲಿಯನ್ನು ಅವನ ಕೈಗಿಟ್ಟು, "ಚೆಲ್ಲಬಾರದು, ಬಿಸಿಲು ತಾಗಬಾರದು, ಜೋಪಾನ," ಎಂದು ಹೇಳಿ ಒಳಗೋಡಿದಳು. ಅವನು ಬಾಟಲಿಯನ್ನು ಅಂಗೈಯಲ್ಲಿ ಹಿಡಿದು, ಎಳೇ ಮಗುವನ್ನು ಎತ್ತಿಕೊಂಡವನ ಹಾಗೆ ನಿಂತ. ಜೇಬಿಗೆ ಹಾಕಿದರೆ ಬಿಸಿಲು. ಸ್ಕೂಟರಿನ ಮುಂದೆ ತೂಗು ಹಾಕಿದರೆ ಕುಲುಕಾಟ.

"ಪೆಟ್ಟಿಗೆ ಇದೆಯಲ್ಲ ರೀ," ಎಂದಳು ಸೊಸೆ. "ಅನ್ನದ ಡಬ್ಬಿಗಳ ನಡುವೆ ಸಂದು ಮಾಡಿ ಇಡಿ. ಅಲ್ಲಾಡೋದೂ ಇಲ್ಲ, ಬಿಸಿಲೂ ಇಲ್ಲ." ತನ್ನ ಕರವಸ್ತ್ರವನ್ನೇ ಅದಕ್ಕೆ ಸುತ್ತಿ ಕೊಟ್ಟಳು. ಅವನ ಮುಖ ಅರಳಿತು. ಇಂಥ ಸುಲಭದ ಉಪಾಯ ತನಗೇ ಹೊಳೆಯಲಿಲ್ಲವಲ್ಲ ಅನ್ನುವಂತೆ ತಲೆ ಆಡಿಸಿದ. ದಾರಿಯಲ್ಲಿದ್ದ ಡಬ್ಬಿಗಳನ್ನೆಲ್ಲ ಹಂಚಿಕೊಂಡು, ಕೊನೆಗೆ ಲ್ಯಾಬಿಗೆ ಹೋಗಿ ಕೊಟ್ಟು ಬಂದ. ಒಂದು ಹನಿ ಚೆಲ್ಲಿರಲಿಲ್ಲ. ಸಂಜೆ ಮೂರು ಸಲ ಅದನ್ನೇ ಹೇಳಿದ.

ಎಡಿಎ ಎಂಟು ಬಂತು.

"ಎಂಟು!" ಗಂಡ ಬಾಗಿಲಿನಿಂದಲೇ ಕೂಗಿದ. "ನಲವತ್ತೆಲ್ಲಿ, ಎಂಟೆಲ್ಲಿ! ಅಮ್ಮಾ, ನಿನಗೆ ಟಿಬಿಯೂ ಇಲ್ಲ, ಪೀಪಿಯೂ ಇಲ್ಲ."

ಅತ್ತೆ ಅಡುಗೆಮನೆಗೆ ಹೋದರು. ಸೊಸೆಯ ಕೈಯಿಂದ ಸೌಟು ತೆಗೆದುಕೊಂಡರು. ಬೇಳೆಯಲ್ಲಿ ಅದ್ದಿ ಅಂಗೈ ಮೇಲೆ ಒಂದು ಹನಿ ಬಿಟ್ಟು ನೆಕ್ಕಿ, "ಇಷ್ಟು ದಿನ ಇದನ್ನ ತಿಂದೂ ಗಿರಾಕಿಗಳು ಬಿಟ್ಟು ಹೋಗಿಲ್ಲ ಅಂದ್ರೆ ಒಳ್ಳೇ ಜನ ಕಣಮ್ಮ," ಎಂದರು. ಆ ದಿನದಿಂದ ಹೊಸ ತಟ್ಟೆ ಕಪಾಟಿನ ಮೇಲೆ ಹೋಯಿತು. ಸೊಸೆಯೂ ಹಗುರಾದಳು. ರಾತ್ರಿ ಅತ್ತೆಯ ಕಾಲು ಒತ್ತುತ್ತಾ, "ಅತ್ತೆ, ತಟ್ಟೆ ವಿಷಯ ಮನಸ್ಸಲ್ಲಿ ಇಟ್ಕೋಬೇಡಿ," ಎಂದಳು.

"ಇಟ್ಕೊಳ್ಳೋಕೆ ಜಾಗ ಎಲ್ಲಿದೆ, ಅಲ್ಲೆಲ್ಲ ನೀರು ತುಂಬಿತ್ತಲ್ಲ," ಎಂದರು ಅತ್ತೆ.

ಆದರೆ ಡಾಕ್ಟರಿಗೆ ಖುಷಿಯಾಗಿರಲಿಲ್ಲ. ಮಗ ಸೊಸೆ ಇಬ್ಬರನ್ನೇ ಕರೆಸಿ ಕೂರಿಸಿಕೊಂಡರು. "ನೀರಲ್ಲಿರೋ ಕಣಗಳನ್ನ ನಮ್ಮಲ್ಲೇ ನೋಡಿದ್ವಿ, ಅವು ಟಿಬಿ ಕಡೆಗೇ ಬೆರಳು ತೋರಿಸ್ತಿವೆ. ಈ ಎಂಟು ಮಾತ್ರ ಅಡ್ಡ ನಿಂತಿದೆ. ಹೀಗಿದ್ದಾಗ ಇನ್ನೊಂದು ಯೋಚನೆ ಮಾಡಲೇಬೇಕು. ಗಂಟು ಗಿಂಟು ಇದೆಯಾ ಅಂತ."

"ಗಂಟು ಅಂದ್ರೆ?" ಎಂದ ಗಂಡ.

ಡಾಕ್ಟರು ಕನ್ನಡಕವನ್ನು ತಲೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಕ್ಯಾನ್ಸರ್. ಇದೆ ಅಂತ ಹೇಳ್ತಿಲ್ಲ. ಇಲ್ಲ ಅಂತ ಖಚಿತ ಮಾಡ್ಕೋಬೇಕು. ದೊಡ್ಡ ಆಸ್ಪತ್ರೆಯಲ್ಲಿ ಪಕ್ಕೆಗೆ ತೂತು ಮಾಡಿ ಒಳಗಿನ ಪೊರೆಯ ಚೂರು ತೆಗೆದು ನೋಡ್ತಾರೆ. ಚೀಟಿ ಬರೆದುಕೊಡ್ತೀನಿ. ಅಲ್ಲಿ ಸರದಿ ಸಿಗೋಕೆ ಕೆಲವು ವಾರ ಆಗತ್ತೆ."

ದಾರಿಯುದ್ದಕ್ಕೂ ಗಂಡ ಸ್ಕೂಟರನ್ನು ತಳ್ಳಿಕೊಂಡೇ ನಡೆದ. ಹತ್ತುವುದು ಅವನಿಗೆ ನೆನಪಾಗಲಿಲ್ಲ, ಅವಳೂ ನೆನಪಿಸಲಿಲ್ಲ. ಮನೆ ಹತ್ತಿರವಾದಾಗ ನಿಂತು, "ಅಮ್ಮನಿಗೆ ಹೇಳೋದು ಬೇಡ," ಎಂದ.

"ಕೇಳಿದ್ರೆ?"

"ನೀರು ಮತ್ತೆ ತುಂಬತ್ತಾ ಅಂತ ನೋಡ್ತಾರಂತೆ ಅನ್ನು. ಸುಳ್ಳೇನಲ್ಲವಲ್ಲ."

ಹೀಗೆ ಒಂದೇ ಮನೆಯಲ್ಲಿ ಎರಡು ಮನೆಗಳಾದವು. ಒಂದರಲ್ಲಿ ಅತ್ತೆ ಸೌಟು ಹಿಡಿದು, ಮೊಮ್ಮಗಳ ಜೊತೆ ಜಗಳ ಆಡಿಕೊಂಡು, ಟಿಬಿಯಿಂದ ಪಾರಾದ ಖುಷಿಯಲ್ಲಿದ್ದರು. ಇನ್ನೊಂದರಲ್ಲಿ ಗಂಡ ಹೆಂಡತಿ ಪಾತ್ರೆ ಸದ್ದಿನ ಮರೆಯಲ್ಲಿ ಪಿಸುಗುಟ್ಟುತ್ತಿದ್ದರು. ಅತ್ತೆ ಏನು ಕೇಳಿದರೂ ಮಗ ತಂದುಕೊಡಲು ಶುರುಮಾಡಿದ. ಹಣ್ಣು, ಹೊಸ ಚಪ್ಪಲಿ, ತಲೆದಿಂಬು. ಸೊಸೆ ಎದುರು ಮಾತಾಡುವುದನ್ನೇ ಬಿಟ್ಟಳು.

"ನಿಮ್ಮಮ್ಮನಿಗೆ ಮೈಯಲ್ಲಿ ಹುಷಾರಿಲ್ವೇನೇ?" ಎಂದು ಅತ್ತೆ ಲಾಯರಮ್ಮನನ್ನು ಕೇಳಿದರು. "ವಾರದಿಂದ ನನ್ನ ಜೊತೆ ಒಂದು ಜಗಳ ಇಲ್ಲ."

"ಅಪ್ಪನೂ ಹಾಗೇ ಅಜ್ಜಿ. ಲೆಕ್ಕದಲ್ಲಿ ಮಾರ್ಕ್ಸು ಕಡಿಮೆ ಬಂದಿದೆ ಅಂತ ಹೇಳಿದ್ರೂ ಬೈಲಿಲ್ಲ. ಏನೋ ಇದೆ."

"ಏನಿರತ್ತೆ?"

"ಅದನ್ನೇ ನಾನೂ ಕೇಳ್ತಿರೋದು."

ಸೊಸೆ ಇದನ್ನು ಬಚ್ಚಲಿನಿಂದ ಕೇಳಿಸಿಕೊಂಡಳು. ಅವಳ ಕೈಯಲ್ಲಿ ಅತ್ತೆಯ ರವಿಕೆ ಇತ್ತು, ಬೆವರಿನಿಂದ ಹಿಂಡುವಷ್ಟು ಒದ್ದೆ. ಜ್ವರ ಹೋಗಿರಲಿಲ್ಲ. ತೋಳಿನ ಹೊಲಿಗೆಯನ್ನು ಅವಳೇ ಎರಡು ಸಲ ಒಳಗೆ ಹಿಡಿದಿದ್ದಳು. ಅತ್ತೆ ರಾತ್ರಿ ಮತ್ತೆ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ನೀರು ಮೆಲ್ಲಗೆ ಏರುತ್ತಿತ್ತು.

ದೊಡ್ಡ ಆಸ್ಪತ್ರೆಯಿಂದ ಮುಂದಿನ ವಾರ ಬನ್ನಿ ಎಂದು ಕರೆ ಬಂತು. ಅದೇ ದಿನ ವಕೀಲರ ಆಫೀಸಿನಲ್ಲಿ ಯಾರದೋ ಬೀಳ್ಕೊಡುಗೆ. ಊಟದ ಜೊತೆ ಬ್ರೆಡ್ಡು, ಬೆಣ್ಣೆ ಬೇಕು ಅಂದಿದ್ದರು. ಸೊಸೆ ಬೆಣ್ಣೆಯನ್ನು ಚೌಕವಾಗಿ ಕತ್ತರಿಸಿ, ಮೇಲೆ ಚಮಚದಿಂದ ಗೆರೆ ಎಳೆದು, ಒಂದು ಸಣ್ಣ ಡಬ್ಬಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟಳು. ಗಂಡ ವಾಪಸು ಬಂದವನು ಅದನ್ನು ಅವಳ ಮುಂದೆ ಕುಕ್ಕಿದ.

"ನೋಡು ನಿನ್ನ ಕಾರುಬಾರು! ಡಬ್ಬಿ ತೆಗೆದ್ರೆ ಎಣ್ಣೆ! ಎಲ್ಲರೂ ನಕ್ಕುಬಿಟ್ರು. ಬೆಣ್ಣೇನ ಆ ಪೆಟ್ಟಿಗೇಲಿ ಇಡ್ತಾರಾ ಯಾರಾದ್ರೂ? ಅನ್ನದ ಡಬ್ಬಿ ಮೈಗೆ ಮೈ ತಾಗಿಸಿ ಇಟ್ಟಿದೀಯಲ್ಲ, ಅದು ಒಳಗೆ ಒಲೆ ಇದ್ದ ಹಾಗೆ ಕಣೇ. ಮುಚ್ಚಳ ತೆಗೆದ್ರೆ ನನ್ನ ಕೈಯೇ ಸುಡತ್ತೆ."

ಸೊಸೆ ಡಬ್ಬಿ ಓರೆ ಮಾಡಿದಳು. ಹಳದಿ ದ್ರವ ಈ ಕಡೆಯಿಂದ ಆ ಕಡೆಗೆ ಹರಿಯಿತು. ಅವಳು ಅದನ್ನೇ ನೋಡುತ್ತ ಕೂತಳು.

"ರೀ. ಆವತ್ತು ಬಾಟಲಿ ಇಟ್ಟಿದ್ದೂ ಅಲ್ಲೇ ಅಲ್ವಾ?"

"ಯಾವ ಬಾಟಲಿ?"

"ಅತ್ತೆ ಪಕ್ಕೆ ನೀರಿಂದು."

ಅವನು ಹೆಲ್ಮೆಟ್ಟನ್ನು ಮೊಳೆಗೆ ತೂಗು ಹಾಕುತ್ತಿದ್ದ. ಹಾಕದೆ ಕೈಯಲ್ಲೇ ಹಿಡಿದು ನಿಂತ.

"ಲ್ಯಾಬಲ್ಲಿ ಕೊಡುವಾಗ ಹೇಗಿತ್ತು ಅದು? ಇಲ್ಲಿ ಕೊಟ್ಟಾಗ ತಿಳಿಯಾಗಿತ್ತು. ನಾನೇ ನೋಡಿದೀನಿ."

"ಕದಡಿತ್ತು," ಎಂದ ಮೆಲ್ಲಗೆ. "ಅಕ್ಕಿ ತೊಳೆದ ನೀರಿನ ಥರ. ಕುಲುಕಿದ್ದಕ್ಕೆ ಹಾಗಾಗಿದೆ ಅಂದ್ಕೊಂಡೆ. ಬಾಟಲಿ ಬಿಸಿಯಾಗೇ ಇತ್ತು. ನಿನ್ನ ಕರವಸ್ತ್ರವೂ ಬಿಸಿ." ಹೆಲ್ಮೆಟ್ಟನ್ನು ಸ್ಟೂಲಿನ ಮೇಲಿಟ್ಟ. "ನಾನೇ ಕಣೇ ಇಟ್ಟಿದ್ದು."

"ಇಡಿ ಅಂದಿದ್ದು ನಾನು."

"ನೀನು ಹೇಳಿದ್ರೆ ನನ್ನ ಬುದ್ಧಿ ಎಲ್ಲಿ ಹೋಗಿತ್ತು? ಪೆಟ್ಟಿಗೆ ಮಾಡಿದವನು ನಾನು."

"ಸಂದು ಮಾಡಿ ಇಡಿ ಅಂತ ಜಾಗ ತೋರಿಸಿದವಳು ನಾನು."

ಇದೂ ಒಂದು ಜಗಳವೇ. ಆ ಮನೆಯಲ್ಲಿ ತಪ್ಪು ತನ್ನದು ಅಂತ ಇಬ್ಬರೂ ಎಳೆದಾಡಿದ್ದು ಅದೇ ಮೊದಲು. ಒಳಗಿನಿಂದ ಅತ್ತೆ, "ಏನ್ರೋ ಅದು?" ಎಂದು ಕೂಗಿದರು. ಇಬ್ಬರೂ ಒಟ್ಟಿಗೆ, "ಬೆಣ್ಣೆ!" ಎಂದರು.

ಡಾಕ್ಟರು ಕೇಳಿ ನಗಲಿಲ್ಲ, ಬೈಯಲೂ ಇಲ್ಲ. ಮೊದಲ ವರದಿಯನ್ನು ಮತ್ತೆ ತೆಗೆದು ನೋಡಿದರು.

"ಆ ಬಾಟಲಿ ಐಸಿನ ಡಬ್ಬೀಲಿ ಹೋಗಬೇಕಿತ್ತು. ನಮ್ಮ ಕಡೆಯಿಂದ ಅಷ್ಟು ಹೇಳಲೇ ಇಲ್ಲ. ಕಿಣ್ವ ಅನ್ನೋದು ಕಾಯಿಸಿದ್ರೆ ಕೆಡತ್ತೆ. ನಿಮ್ಮ ಪೆಟ್ಟಿಗೇಲಿ ಎಷ್ಟು ಕಾದಿತ್ತೋ, ಎಷ್ಟು ಕೆಟ್ಟಿತ್ತೋ, ನನಗೆ ಹೇಳೋಕಾಗಲ್ಲ. ಆದ್ರೆ ಆ ಎಂಟನ್ನ ಇನ್ನು ನಾನು ನಂಬಲ್ಲ. ಹೇಗಿದ್ರೂ ನೀರು ಮತ್ತೆ ತುಂಬಿದೆ. ಇನ್ನೊಂದು ಸಲ ತೆಗೆಯೋಣ. ಪೊರೆ ಚೂರು ತೆಗೆಯೋದು ಅಲ್ಲೀವರೆಗೆ ನಿಲ್ಲಲಿ."

"ಡಾಕ್ಟ್ರೇ," ಗಂಡ ಕುರ್ಚಿಯ ತುದಿಗೆ ಸರಿದ, "ಟಿಬಿ ಅಂತಾನೇ ಬರೋ ಹಾಗೆ ಏನಾದ್ರೂ…"

"ಬರೋ ಹಾಗೆ ಮಾಡೋಕಾಗಲ್ಲಪ್ಪ. ಬಂದದ್ದನ್ನ ಓದಬೇಕು ಅಷ್ಟೇ."

ಎರಡನೇ ಸಲ ನೀರು ತೆಗೆದ ದಿನ ಗಂಡ ಪೆಟ್ಟಿಗೆಯನ್ನು ಸ್ಕೂಟರಿನಿಂದ ಬಿಚ್ಚಿ ಮನೆಯಲ್ಲಿಟ್ಟು ಬಂದಿದ್ದ. ನರ್ಸಮ್ಮ ಐಸಿನ ಡಬ್ಬಿ ಕೊಟ್ಟು, ಈ ಸಲ ಒಂದೊಂದನ್ನೂ ಎರಡೆರಡು ಸಲ ಹೇಳಿದಳು. ಅವನು ಅದನ್ನು ಎದೆಗೆ ಕಟ್ಟಿಕೊಂಡು ಎಲ್ಲೂ ನಿಲ್ಲದೆ ನೇರವಾಗಿ ಹೋದ. ಡಬ್ಬಿಗಳನ್ನು ಹಂಚಲು ಸೊಸೆ ಆಟೋ ಮಾಡಿಕೊಂಡು ಹೊರಟಳು. ಅವಳಿಗೆ ದಾರಿಗಳು ಗೊತ್ತಿಲ್ಲ. ಗ್ಯಾರೇಜಿನವರ ಊಟ ಬಟ್ಟೆ ಅಂಗಡಿಗೆ, ಬಟ್ಟೆ ಅಂಗಡಿಯದು ಬ್ಯಾಂಕಿಗೆ ಹೋಯಿತು.

"ಇವತ್ತು ಅನ್ನ ತಣ್ಣಗಿದೆಯಲ್ಲಮ್ಮ," ಎಂದ ಗುಮಾಸ್ತ.

"ಇರಲಿ ಸಾರ್," ಎಂದಳು ಅವಳು. "ಇವತ್ತೊಂದು ದಿನ ತಣ್ಣಗೇ ಇರಲಿ."

ಫಲಿತಾಂಶ ಕೇಳಲು ಈ ಸಲ ಅತ್ತೆಯೂ ಬಂದಿದ್ದರು. ಬರುತ್ತೇನೆ ಅಂದಾಗ ಬೇಡ ಅನ್ನುವ ಧೈರ್ಯ ಯಾರಿಗೂ ಆಗಲಿಲ್ಲ.

"ಎಪ್ಪತ್ತೊಂದು," ಎಂದರು ಡಾಕ್ಟರು. "ಕಣಗಳೂ ಅದನ್ನೇ ಹೇಳ್ತಿವೆ, ಜ್ವರವೂ ಅದನ್ನೇ ಹೇಳ್ತಿದೆ. ಟಿಬಿ. ಮಾತ್ರೆ ಶುರು ಮಾಡೋಣ. ಆರು ತಿಂಗಳು, ಒಂದು ದಿನವೂ ತಪ್ಪಿಸಬಾರದು. ವಾಸಿ ಆಗತ್ತೆ."

ಗಂಡ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿತ್ತು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅತ್ತೆ ಒಮ್ಮೆ ಮಗನನ್ನು, ಒಮ್ಮೆ ಸೊಸೆಯನ್ನು ನೋಡಿದರು.

"ನನಗೆ ಟಿಬಿ ಅಂದ್ರೆ ಇವರಿಬ್ರಿಗೂ ಇಷ್ಟು ಸಂತೋಷ ಯಾಕೆ ಡಾಕ್ಟ್ರೇ?"

ಡಾಕ್ಟರು ಸೊಸೆಯ ಕಡೆ ನೋಡಿದರು. ಸೊಸೆ ನೆಲ ನೋಡಿದಳು. "ಅವರಿಗೆ ಗೊತ್ತಿಲ್ವಾ?" ಎಂದರು ಡಾಕ್ಟರು. ಆಮೇಲೆ ತಾವೇ ಎಲ್ಲವನ್ನೂ ಬಿಡಿಸಿ ಹೇಳಿದರು. ಮೊದಲ ಬಾಟಲಿ, ಬಿಸಿ ಪೆಟ್ಟಿಗೆ, ಎಂಟು, ಗಂಟಿನ ಭಯ, ದೊಡ್ಡ ಆಸ್ಪತ್ರೆ. ಅತ್ತೆ ಕತೆ ಕೇಳುವವರ ಹಾಗೆ ಕೈಕಟ್ಟಿ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಅಡುಗೆ ಮಾಡಬಹುದಾ?"

"ನಿಮ್ಮದು ಪಕ್ಕೆ ಪೊರೆಯ ಟಿಬಿ. ಶ್ವಾಸಕೋಶ, ಕಫ ಎರಡೂ ಚೊಕ್ಕವಾಗಿವೆ. ಇದು ಅಡುಗೆಯಿಂದ, ತಟ್ಟೆ ಲೋಟದಿಂದ ಅಂಟೋದಲ್ಲ. ಮನೆಯವರೆಲ್ಲ ಒಂದು ಸಲ ಪರೀಕ್ಷೆ ಮಾಡಿಸ್ಕೊಳ್ಳಿ. ಜ್ವರ ಇಳಿಯೋವರೆಗೆ ನೀವು ಕೂತಿರಿ. ಆಮೇಲೆ ಧಾರಾಳವಾಗಿ ಮಾಡಿ."

ಮನೆಗೆ ಬಂದ ಮೇಲೆ ಅತ್ತೆ ನೇರ ತಮ್ಮ ಕೋಣೆಗೆ ಹೋಗಿ ಕೂತರು. ಊಟಕ್ಕೆ ಕರೆದರೆ ಬರಲಿಲ್ಲ. ಸೊಸೆ ತಟ್ಟೆಗೆ ಬಡಿಸಿಕೊಂಡು ಕೋಣೆಗೇ ಹೋದಳು. ಗಂಡ ಬಾಗಿಲಲ್ಲಿ ನಿಂತ. ಲಾಯರಮ್ಮ ಅವನ ತೋಳಿನ ಕೆಳಗಿಂದ ತಲೆ ತೂರಿಸಿದಳು.

"ಅತ್ತೆ, ಬಾಟಲಿ ವಿಷಯಕ್ಕೆ ಬೈಯಿರಿ. ಸುಮ್ನಿರಬೇಡಿ."

"ಬಾಟಲಿಗೆ ಯಾಕೆ ಬೈಲಿ? ಅದು ಗೊತ್ತಿಲ್ಲದೆ ಆಗಿದ್ದು. ನನ್ನ ಕೈಗೆ ಕೊಟ್ಟಿದ್ರೂ ಅನ್ನದ ಡಬ್ಬಿ ಪಕ್ಕದಲ್ಲೇ ಇಡ್ತಿದ್ದೆ." ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಇನ್ನೊಂದು ಗೊತ್ತಿದ್ದೂ ಮಾಡಿದ್ದು. ನಾನು ಸಾಯ್ತೀನಿ ಅಂತ ಇಷ್ಟು ವಾರ ಅಂದ್ಕೊಂಡಿದ್ರಲ್ಲ, ನನ್ನ ಸಾವನ್ನ ನೀವಿಬ್ರೇ ಹಂಚಿಕೊಂಡು ಉಂಡ್ರಿ. ನನಗೆ ಒಂದು ತುತ್ತೂ ಇಡಲಿಲ್ಲ."

"ನೀನು ಹೆದರ್ತೀಯ ಅಂತ…" ಎಂದ ಮಗ.

"ಹೆದರ್ತಿದ್ದೆ. ಹೆದರಿಕೊಂಡು ಏನೋ ಮಾಡ್ತಿದ್ದೆ. ಅಕ್ಕನ ಮನೆಗೆ ಹೋಗಿ ಒಂದು ವಾರ ಇದ್ದು ಬರ್ತಿದ್ದೆ. ಇವಳಿಗೆ ಮಸಾಲೆ ಹದ ಹೇಳಿಕೊಡ್ತಿದ್ದೆ. ನೀನು ತಂದ ಚಪ್ಪಲಿ ಯಾಕೆ ತಂದೆ ಅಂತ ಗೊತ್ತಾಗ್ತಿತ್ತು. ಹೊಸ ಚಪ್ಪಲಿ ಹಾಕ್ಕೊಂಡು ಕುಣೀತಿದ್ದೆನಲ್ಲೋ, ಹುಚ್ಚಿ ಥರ!"

ಲಾಯರಮ್ಮ ಒಳಗೆ ಬಂದು ಅಜ್ಜಿಯ ಪಕ್ಕ ಕೂತು, "ನನಗೂ ಹೇಳಿರಲಿಲ್ಲ ಅಜ್ಜಿ," ಎಂದಳು.

"ನೋಡು, ಇವಳಿಗೂ ಹೇಳಿಲ್ಲ. ನಾವಿಬ್ರು ಒಂದು ಪಕ್ಷ." ಅತ್ತೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಒಂದು ತುತ್ತು ಕಲಸಿದರು. "ಇನ್ಮೇಲೆ ನನ್ನ ಮೈ ವಿಷಯ ಮೊದಲು ನನಗೆ. ಆಮೇಲೆ ನಿಮಗೆ. ಮತ್ತೆ ಗಿರಾಕಿಗಳಿಗೂ ಹೇಳಿಬಿಡು ನಾಳೆ."

"ಗಿರಾಕಿಗಳಿಗಾ?" ಗಂಡನ ದನಿ ಏರಿತು. "ಅಮ್ಮಾ, ಅಂಟಲ್ಲ ಅಂತ ಡಾಕ್ಟ್ರೇ ಹೇಳಿದಾರೆ. ಟಿಬಿ ಅನ್ನೋ ಎರಡಕ್ಷರ ಕೇಳಿದ್ರೆ ಸಾಕು, ಓಡಿ ಹೋಗ್ತಾರೆ."

"ಓಡೋರು ಓಡಲಿ. ಆಚೆಯಿಂದ ಗೊತ್ತಾದ್ರೆ ಎಲ್ಲರೂ ಓಡ್ತಾರೆ."

ಅವನು ಹೇಳಿದ. ಬಟ್ಟೆ ಅಂಗಡಿಯವರು ಮಾರನೇ ದಿನವೇ ನಿಲ್ಲಿಸಿದರು. ಬ್ಯಾಂಕಿನಲ್ಲಿ ಅರ್ಧ ಜನ ಬಿಟ್ಟರು, ಅರ್ಧ ಜನ ಉಳಿದರು. ಗ್ಯಾರೇಜಿನ ಯಜಮಾನ ಮಾತ್ರ ಕೈಗಂಟಿದ ಎಣ್ಣೆ ಒರೆಸಿಕೊಳ್ಳುತ್ತ, "ನನ್ನ ತಮ್ಮನಿಗೂ ಆಗಿತ್ತು. ಈಗ ನನಗಿಂತ ಜಾಸ್ತಿ ತಿಂತಾನೆ. ನೀನು ಡಬ್ಬಿ ತಂದ್ಕೊಡು," ಎಂದ. ಪೆಟ್ಟಿಗೆಯಲ್ಲಿ ಕೆಲವು ದಿನ ಖಾಲಿ ಜಾಗ ಕುಲುಕಾಡಿತು. ಗಂಡ ಅದಕ್ಕೆ ಹಳೇ ಟವೆಲ್ಲು ತುರುಕಿದ.

ಸೊಸೆ ಒಲೆ ಮುಂದೆ ನಿಂತಳು. ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಅಲ್ಲಿಂದಲೇ ರಾಜ್ಯ ನಡೆಸಿದರು. "ಉರಿ ಇಳಿಸು." "ಇಳಿಸಿದೀನಿ." "ಇಳಿಸಿದ್ರೆ ಇಷ್ಟು ಸದ್ದು ಯಾಕೆ?" ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಹಿಡಿ ಮಾತ್ರೆ. ಅವನ್ನು ಒಂದೊಂದಾಗಿ ನುಂಗುತ್ತ ಪ್ರತಿಯೊಂದಕ್ಕೂ ಒಂದೊಂದು ಬೈಗುಳ.

ಮಾತ್ರೆ ಶುರುವಾದ ಎರಡನೇ ದಿನವೇ ಇರಬೇಕು. ಬಚ್ಚಲಿನಿಂದ ಕೂಗು ಬಂತು.

"ಏ ಇವಳೇ! ಬಾರೇ ಇಲ್ಲಿ! ಬೇಗ!"

ಸೊಸೆ ಸೌಟು ಹಿಡಿದೇ ಓಡಿದಳು. ಅತ್ತೆ ಗೋಡೆ ಹಿಡಿದು ನಿಂತಿದ್ದರು. ಮುಖದಲ್ಲಿ ರಕ್ತ ಇರಲಿಲ್ಲ.

"ಕೆಂಪು! ಕಿತ್ತಳೆ ರಸ ಸುರಿದ ಹಾಗೆ! ನನ್ನ ಒಳಗೆ ಏನೋ ಒಡೆದು ಹೋಯ್ತು ಕಣೇ!"

ಸೊಸೆ ಇಣುಕಿ ನೋಡಿದಳು. ಆಮೇಲೆ ಗೋಡೆಗೆ ಒರಗಿದಳು.

"ಅತ್ತೆ, ಅದು ಮಾತ್ರೆ ಬಣ್ಣ. ಮೂತ್ರ ಹಾಗೇ ಆಗತ್ತೆ ಅಂತ ಡಾಕ್ಟ್ರು ಹೇಳಿದ್ರು. ಹೆದರಬೇಡಿ."

"ಹೇಳಿದ್ರಾ? ಯಾರಿಗೆ ಹೇಳಿದ್ರು?"

"ನನಗೆ. ಔಷಧಿ ತಗೊಳ್ಳುವಾಗ."

"ಯಾವಾಗ?"

"…ಮೊನ್ನೆ. ಮರೆತುಹೋಯ್ತು ಅತ್ತೆ. ದೇವರಾಣೆ, ಮುಚ್ಚಿಟ್ಟಿದ್ದಲ್ಲ."

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಸೊಸೆ ಸೌಟು ಹಿಡಿದು, ಶಾಲೆಯಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ನಿಂತಿದ್ದಳು. ಸೌಟಿನಿಂದ ಬೇಳೆ ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಅತ್ತೆಯ ಬಾಯಿಯ ಒಂದು ತುದಿ ಅಲುಗಿತು. ತಡೆಯಲು ನೋಡಿದರು, ಆಗಲಿಲ್ಲ. ಪಕ್ಕೆ ಹಿಡಿದುಕೊಂಡು ನಕ್ಕರು, ಸೊಸೆಯೂ ನಕ್ಕಳು. ಅತ್ತೆ ಅಷ್ಟು ಹೊತ್ತು ನಕ್ಕರೂ ನಡುವೆ ಕೆಮ್ಮು ಬರಲಿಲ್ಲ. ಅದನ್ನು ಸೊಸೆ ಗಮನಿಸಿದಳು, ಅತ್ತೆಯೂ ಗಮನಿಸಿದರು.

"ಕೂತ್ಕೋ ಇಲ್ಲಿ," ಎಂದರು ಅತ್ತೆ, ಅಡುಗೆಮನೆಯ ಹೊಸ್ತಿಲ ಮೇಲೆ ತಾವೂ ಕೂರುತ್ತ. "ಡಾಕ್ಟ್ರು ಇನ್ನೇನೇನು ಹೇಳಿದ್ರು? ಒಂದೂ ಬಿಡದೆ ಹೇಳು."

"ಬೆವರೂ ಹಾಗೇ ಬಣ್ಣ ಬರಬಹುದಂತೆ. ಕಣ್ಣೀರು ಕೂಡ."

"ಕಣ್ಣೀರೂ ಬಣ್ಣನಾ? ಸರಿ. ಆಮೇಲೆ?"

"ಹೊಟ್ಟೆ ತೊಳೆಸಬಹುದು. ವಾಂತಿ ಆದ್ರೆ, ಕಣ್ಣು ಹಳದಿ ಆದ್ರೆ ಆ ಕ್ಷಣವೇ ಬರಬೇಕಂತೆ. ಜ್ವರ ಎರಡು ವಾರದಲ್ಲಿ ಇಳಿಯಬಹುದು, ಇನ್ನೂ ಸ್ವಲ್ಪ ಎಳೀಬಹುದು. ಅಷ್ಟರಲ್ಲಿ ವಾಸಿ ಆಯ್ತು ಅಂತ ಮಾತ್ರೆ ಬಿಡಬಾರದು."

"ಬಿಟ್ರೆ?"

"ಬಿಟ್ರೆ ಮತ್ತೆ ಬರತ್ತೆ. ಆವಾ‌ಗ ಇದಕ್ಕಿಂತ ಹಟಮಾರಿ ಆಗಿರತ್ತೆ."

"ನಿನ್ನ ಥರ."

"ನಿಮ್ಮ ಥರ."

ಒಲೆಯ ಮೇಲೆ ಬೇಳೆ ತಳ ಹಿಡಿಯುವ ವಾಸನೆ ಬಂತು. ಸೊಸೆ ಗಡಬಡಿಸಿ ಏಳಲು ಹೋದಳು. ಅತ್ತೆ ಅವಳ ಮಣಿಕಟ್ಟು ಹಿಡಿದು ಮತ್ತೆ ಕೂರಿಸಿದರು.

"ಅದು ಸೀಯಲಿ. ಮುಂದೆ ಹೇಳು."